ಅಲೆಯನ್ನು ಸುರಕ್ಷಿತವಾಗಿ ಇರಿಸಲಾಗಿದೆ

ಕೊಲ್ಲಿಯ ಎಡಬದಿಯಲ್ಲಿ ಏಳುವ ಅಲೆಯು ಸಾರ್ವಜನಿಕ ಸ್ವತ್ತೆಂದೂ, ಅದನ್ನು ಮುಂದಿನ ಪೀಳಿಗೆಗಳಿಗಾಗಿ ಕೆಡದಂತೆ ಕಾಪಾಡತಕ್ಕದ್ದೆಂದೂ ಕರಾವಳಿ ನಿರ್ವಹಣಾ ಕಚೇರಿಯು ಆದೇಶ ಹೊರಡಿಸಿತು. ಆ ದಿನ, ಅಲೆಯ ಬಗ್ಗೆ ವರದಿ ಕೊಟ್ಟಿದ್ದ ಸಂಶೋಧಕಿ ಖುಷಿಯಲ್ಲಿ ಎರಡು ಸಲ ಊಟ ಮಾಡಿದಳು.

ಖುಷಿಗೆ ಕಾರಣವಿತ್ತು. ಆ ಅಲೆಯನ್ನೇ ನಂಬಿಕೊಂಡು ಅವಳ ಅಕ್ಕ ದಡದಲ್ಲಿ ಸರ್ಫಿಂಗ್ ಶಾಲೆ ನಡೆಸುತ್ತಿದ್ದಳು. ಹಲಗೆಯ ಮೇಲೆ ನಿಂತು ಅಲೆ ಸವಾರಿ ಮಾಡುವುದನ್ನು ಕಲಿಸುವ ಆ ಶಾಲೆಯೇ ತಂಗಿಯನ್ನು ಓದಿಸಿತ್ತು. ಓದಿದ ತಂಗಿ ಮೂರು ವರ್ಷ ಕಣ್ಣಲ್ಲಿ ಕಣ್ಣಿಟ್ಟು ಅಲೆಯನ್ನು ಅಳೆದು, ನೂರಾ ನಲವತ್ತು ಪುಟದ ವರದಿ ಬರೆದಿದ್ದಳು. ಅದರ ಸಾರ ಇಷ್ಟೇ: ಅಲೆ ಅಷ್ಟು ಅಂದವಾಗಿ ಏಳುವುದು ಅಲ್ಲಿ ನೀರಿನಡಿ ಇರುವ ಮರಳದಿಬ್ಬದಿಂದ, ದಿಬ್ಬಕ್ಕೆ ಧಕ್ಕೆಯಾಗದಂತೆ ನೋಡಿಕೊಂಡರೆ ಅಲೆ ಉಳಿಯುತ್ತದೆ.

ಹಿರಿಯ ಅಧಿಕಾರಿ ಅವಳನ್ನು ಕರೆಸಿದರು. ಕೆಟ್ಟವರಲ್ಲ, ವರದಿಯನ್ನು ಪೂರ್ತಿ ಓದಿದ್ದರು. ಬಹುಶಃ ತಪ್ಪಾದದ್ದು ಅಲ್ಲೇ.

"ಏನಮ್ಮಾ, ಅಲೆಗೆ ಮೂಲ ಈ ಮರಳೇ ತಾನೆ?"

"ಹೌದು ಸರ್."

"ಅಷ್ಟು ಮುಖ್ಯವಾದ ಮರಳು ಈಗ ಎಲ್ಲಿದೆ?"

"ಸಮುದ್ರದಲ್ಲಿ ಸರ್."

"ಹಾಗೇನಾ? ಕಾವಲಿಲ್ದೆ?"

"ಅದು ಅಲ್ಲೇ ಇರ್ಬೇಕು ಸರ್. ಅಲ್ಲಿದ್ರೇನೇ ಅಲೆ ಬರೋದು."

ಅಧಿಕಾರಿ ಅವಳನ್ನು ಕನಿಕರದಿಂದ ನೋಡಿದರು. "ನಿನಗೆ ವಿಜ್ಞಾನ ಗೊತ್ತಮ್ಮ. ಉಗ್ರಾಣದ ನಿಯಮ ಗೊತ್ತಿಲ್ಲ."

ಉಗ್ರಾಣದ ಹನ್ನೆರಡನೇ ನಿಯಮ ಹೀಗಿದೆ: 'ಸಂರಕ್ಷಿತ ಸ್ವತ್ತಿಗೆ ಮೂಲಾಧಾರವಾದ ಯಾವುದೇ ವಸ್ತುವನ್ನು ಮೊಹರು ಮಾಡಿ ಬೀಗದಡಿ ಇರಿಸತಕ್ಕದ್ದು. ಸದರಿ ವಸ್ತು ಒದ್ದೆಯಾಗಿದ್ದಲ್ಲಿ ಒಣಗಿಸತಕ್ಕದ್ದು.'

ಹತ್ತೊಂಬತ್ತು ದಿನ ಯಂತ್ರದ ದೋಣಿ ಸಮುದ್ರದಡಿಯಿಂದ ಮರಳೆತ್ತಿತು. ಗುತ್ತಿಗೆದಾರ ಅಧಿಕಾರಿಯ ಭಾವಮೈದುನನಾಗಿದ್ದುದು ಕೇವಲ ಕಾಕತಾಳೀಯ. ಹಿಂದಿನ ಎಲ್ಲ ಗುತ್ತಿಗೆಗಳಲ್ಲೂ ಇದೇ ಕಾಕತಾಳೀಯ ನಡೆದಿತ್ತು. ಒಣಗಿದ ಮರಳು ಮೂಟೆಗಳಲ್ಲಿ ಸೇರಿ, ಅರಗಿನ ಮುದ್ರೆ ಹೊತ್ತು, ಉಗ್ರಾಣದ ಸೂರು ಮುಟ್ಟಿತು. ಇಪ್ಪತ್ತನೆಯ ದಿನ ಕೊಲ್ಲಿಯ ಎಡಬದಿ ತಟ್ಟೆಯಲ್ಲಿಟ್ಟ ನೀರಿನ ಹಾಗೆ ತೆಪ್ಪಗಿತ್ತು. ಅಕ್ಕನ ಶಿಷ್ಯರು ಅರ್ಧ ದಿನ ಹಲಗೆಗಳ ಮೇಲೆ ಕೂತಿದ್ದು, ಬಿಸಿಲಿಗೆ ಬೆಂದು ಮನೆಗೆ ಹೋದರು.

"ಅಷ್ಟು ಪುಟ ಬರೆದ್ಯಲ್ಲೇ, 'ಮುಟ್ಬೇಡಿ' ಅಂತ ಒಂದು ಮಾತು ಬರೆಯೋಕಾಗ್ಲಿಲ್ವಾ?" ಎಂದಳು ಅಕ್ಕ.

"ಬರೆದಿದ್ದೆ ಕಣೇ. ಅದು ಸಾರ್ವಜನಿಕರಿಗೆ ಹೇಳಿದ್ದು ಅಂದ್ಕೊಂಡ್ರು."

ಅಕ್ಕ ಬೈಯಲಿಲ್ಲ. ಹಲಗೆಗಳನ್ನು ಒರೆಸಿ ಗೋಡೆಗೆ ಒರಗಿಸಿದಳು. ಬೈದಿದ್ದರೆ ವಾಸಿಯಿತ್ತು ಎನಿಸಿ ತಂಗಿಗೆ ಅಳು ಬಂತು.

ಮರುದಿನವೇ ಅವಳು ಮರಳನ್ನು ವಾಪಸ್ಸು ಸುರಿಯುವಂತೆ ಅರ್ಜಿ ಹಾಕಿದಳು. ಕಚೇರಿ ತಡಮಾಡಲಿಲ್ಲ. ಸರ್ವೇಯರ್ ದಡಕ್ಕೆ ಹೋಗಿ, ಟೋಪಿ ಸರಿಮಾಡಿಕೊಂಡು, 'ಸ್ಥಳದಲ್ಲಿ ಅಲೆ ಕಂಡುಬಂದಿರುವುದಿಲ್ಲ' ಎಂದು ಬರೆದುಕೊಂಡು ಬಂದ.

"ನೋಡಮ್ಮಾ, ಅಲೆ ಇಲ್ಲದ ಕಡೆ ಅಲೆಯ ಮರಳು ಸುರಿಯೋಕೆ ಬರಲ್ಲ. ಮೊದಲು ಅಲೆ ಬರಲಿ, ಆಮೇಲೆ ನೋಡೋಣ," ಎಂದರು ಅಧಿಕಾರಿ.

ಅಷ್ಟರಲ್ಲಿ ಉಗ್ರಾಣದಲ್ಲಿ ಇಲಿಗಳು ಮೂಟೆ ಕಡಿಯತೊಡಗಿದವು. ಸಂರಕ್ಷಿತ ಮರಳು ಸೋರಿಹೋಗುವುದನ್ನು ನೋಡುತ್ತಾ ಕೂರಲು ಕಚೇರಿಗೆ ಮನಸ್ಸು ಬರಲಿಲ್ಲ. ಗೋಡೆಯೊಳಗೆ ಸೇರಿದ ಮರಳನ್ನು ಇಲಿಯೂ ಕಡಿಯದು, ಕಳ್ಳನೂ ಒಯ್ಯಲಾರ ಎಂದು ಸಮಿತಿ ಅಭಿಪ್ರಾಯಪಟ್ಟಿತು. ಅದೇ ಭಾವಮೈದುನ ಮೂರು ಅಂತಸ್ತಿನ 'ಅಲೆ ಭವನ' ಕಟ್ಟಿದ. ಮಿಕ್ಕ ಮೂಟೆಗಳನ್ನು ಉಪ-ಉಗ್ರಾಣವೆಂದು ಘೋಷಿಸಲಾದ ಅಧಿಕಾರಿಯ ಮನೆಗೆ ಸಾಗಿಸಲಾಯಿತು. ಆ ಮನೆಗೂ ಒಂದು ಮಹಡಿ ಎದ್ದಿತು. ಬಳಿಕ ಪ್ರಕಟಣೆ ಹೊರಟಿತು:

'ಸಾರ್ವಜನಿಕರ ಗಮನಕ್ಕೆ. ಅಲೆಯನ್ನು ಭವನದ ಗೋಡೆಗಳಲ್ಲಿ ಸುರಕ್ಷಿತವಾಗಿ ಇರಿಸಲಾಗಿದೆ. ಸರ್ಫಿಂಗ್ ಆಸಕ್ತರು ಬೆಳಿಗ್ಗೆ ಹತ್ತರಿಂದ ಸಂಜೆ ಐದರವರೆಗೆ ಹಲಗೆ ಸಮೇತ ನೆಲಮಹಡಿಯ ಸಭಾಂಗಣಕ್ಕೆ ಬರತಕ್ಕದ್ದು. ಈಜು ಬಾರದವರಿಗೆ ಆದ್ಯತೆ. ಊಟದ ವೇಳೆಯಲ್ಲಿ ಅಲೆ ಇರುವುದಿಲ್ಲ.'

ಅಕ್ಕ ಜಗಳಕ್ಕೆಂದೇ ಭವನಕ್ಕೆ ಹೋದಳು. ಅಲ್ಲಿ ಅವಳ ಕೈಗೆ ಕಾಯಂ ತರಬೇತುದಾರಳೆಂಬ ನೇಮಕದ ಪತ್ರ ಕೊಟ್ಟರು. ಪತ್ರವನ್ನು ಎರಡು ಸಲ ಓದಿ, ಜಗಳವನ್ನು ನಾಳೆಗೆ ಇಟ್ಟುಕೊಂಡು ಮನೆಗೆ ಬಂದಳು.

ಉದ್ಘಾಟನೆಯ ದಿನ ಸಭಾಂಗಣದ ಟೈಲ್ಸ್ ಮೇಲೆ ಮೂವತ್ತು ಹಲಗೆ ಹಾಸಿದ್ದರು. ಅಷ್ಟು ಶಿಷ್ಯರು ಅಕ್ಕನಿಗೆ ಕಡಲದಂಡೆಯಲ್ಲಿ ಎಂದೂ ಸಿಕ್ಕಿರಲಿಲ್ಲ. ಜವಾನ ಗಂಟೆ ಬಾರಿಸಿ "ಅಲೆ ಬಂತು" ಎಂದ. ಎಲ್ಲರೂ ಮಂಡಿ ಬಗ್ಗಿಸಿ ತೋಳು ಚಾಚಿದರು. ಮತ್ತೆ ಗಂಟೆ, ಮತ್ತೆ ಅಲೆ. ಯಾರೂ ನಗಲಿಲ್ಲ. ಒಬ್ಬ ನಿವೃತ್ತ ಮೇಷ್ಟ್ರು ಆಯತಪ್ಪಿ ಬಿದ್ದಾಗ ಎಲ್ಲರೂ ಚಪ್ಪಾಳೆ ತಟ್ಟಿದರು.

ಅಧಿಕಾರಿ ಸಂಶೋಧಕಿಯ ಪಕ್ಕಕ್ಕೆ ಬಂದು ನಿಂತರು. "ನೀನೇ ತಜ್ಞೆ. ಎಲ್ಲಾ ಸರಿಯಾಗಿದ್ಯಾ, ಹೇಳಿಬಿಡು."

ಹೇಳುವುದು ಬೆಟ್ಟದಷ್ಟಿತ್ತು. ಅವಳು ಅಕ್ಕನ ಕಡೆ ನೋಡಿದಳು. ಮುಂದಿನ ಸಾಲಿನ ಹಲಗೆಯ ಮೇಲೆ ಮಂಡಿ ಬಗ್ಗಿಸಿ ನಿಂತಿದ್ದ ಅಕ್ಕ, ಬೇಡ ಎನ್ನುವಂತೆ ಮೆಲ್ಲಗೆ ತಲೆಯಾಡಿಸಿದಳು.

"ಗಂಟೆ ಸ್ವಲ್ಪ ಬೇಗ ಬೇಗ ಆಯ್ತು ಸರ್," ಎಂದಳು ಸಂಶೋಧಕಿ. "ಕಡಲಲ್ಲಿ ಅಲೆ ಹನ್ನೊಂದು ಸೆಕೆಂಡಿಗೊಂದು ಬರ್ತಿತ್ತು."

ಅಧಿಕಾರಿ ಒಡನೆ ಬರೆದುಕೊಂಡರು. ಮರುದಿನದಿಂದ ಜವಾನ ಗಡಿಯಾರ ನೋಡಿಕೊಂಡು ಸರಿಯಾಗಿ ಹನ್ನೊಂದು ಸೆಕೆಂಡಿಗೊಮ್ಮೆ ಗಂಟೆ ಬಾರಿಸುತ್ತಿದ್ದಾನೆ. ಸಂಶೋಧನೆಯ ಶಿಫಾರಸುಗಳನ್ನು ಸಂಪೂರ್ಣವಾಗಿ ಜಾರಿಗೆ ತರಲಾಗಿದೆ ಎಂದು ಕಚೇರಿ ಪ್ರಕಟಿಸಿದೆ. ಪ್ರಕಟಣೆಯ ಕೆಳಗೆ ಸಂಶೋಧಕಿಯ ಸಹಿಯಿದೆ.