ಭರಮವ್ವ ಮುಖ ತೋರಿಸಿದ್ದು

ಭರಮವ್ವನ ಫಜೀತಿಗೆಲ್ಲ ಅವಳ ಕೈಯೇ ಕಾರಣ. ಮೂವತ್ತು ವರ್ಷ ಬ್ಯಾಡಗಿ ಪೇಟೆಯಲ್ಲಿ ಮೆಣಸಿನಕಾಯಿ ತೊಟ್ಟು ಬಿಡಿಸಿದ ಕೈ ಅದು. ತೊಟ್ಟಿರುವ ಕಾಯಿ ಕಂಡರೆ, ಅಳುವ ಕೂಸನ್ನು ಕಂಡ ತಾಯಿಯ ಹಾಗೆ ತಾನೇ ಮುಂದಕ್ಕೆ ಹೋಗುತ್ತಿತ್ತು.

ಹಾವೇರಿ ಜಿಲ್ಲೆಯಾಗಿ ಆಗ ಎಂಟು ವರ್ಷ. ಮೋಟೆಬೆನ್ನೂರಿನಿಂದ ಅವತ್ತು ಅವಳು ಅಲ್ಲಿಗೆ ಬಂದದ್ದು ವಿಧವಾ ಪಿಂಚಣಿಗಾಗಿ. ಪಿಂಚಣಿ ಕಚೇರಿಯ ಸಾಹೇಬರು ಮುಖ ನೋಡಿ, ಖರೇ ಬಡವಿ ಎಂದು ಒಪ್ಪಿದರಷ್ಟೇ ಪಟ್ಟಿಯಲ್ಲಿ ಹೆಸರು ಉಳಿಯುತ್ತಿತ್ತು. ಅವತ್ತೇ ಕಡೆಯ ದಿನ.

"ಸಾಹೇಬ್ರು ಊಟಕ್ಕ ಹೋಗ್ಯಾರ, ಮೂರರ ಮ್ಯಾಲೆ ಬಾ" ಎಂದ ಗುಮಾಸ್ತ ಮಲ್ಲೇಶಪ್ಪ.

ಬಿಸಿಲು ತಾಳದೆ ಭರಮವ್ವ ಎದುರಿನ ಸಭಾಂಗಣ ಹೊಕ್ಕಳು. ಒಳಗೆ ಕಲಾ ಪ್ರದರ್ಶನ. ಒಂದು ಚಿತ್ರ ಎಮ್ಮೆ ಮೈ ತಿಕ್ಕಿದ ಗೋಡೆಯಂತಿತ್ತು. ಇನ್ನೊಂದರಲ್ಲಿ ಏನೂ ಇರಲಿಲ್ಲ. ಅದರ ಮುಂದೆಯೇ ಹೆಚ್ಚು ಜನ ನಿಂತಿದ್ದರು. ಆದರೆ ನಟ್ಟನಡುವೆ, ನೆಲದ ಮೇಲೆ, ಸೊಂಟದೆತ್ತರ ಮೆಣಸಿನಕಾಯಿ ರಾಶಿ! ಅವಳು ಸೆರಗು ಸಿಗಿಸಿ ಕುಳಿತೇಬಿಟ್ಟಳು.

ಕಾವಲುಗಾರ ಕೊಟ್ರೇಶ ಓಡಿ ಬರುವಷ್ಟರಲ್ಲಿ ಬುಟ್ಟಿಯಷ್ಟು ಕಾಯಿ ಬೋಳಾಗಿತ್ತು.

"ಏ ಯಮ್ಮಾ, ಮುಟ್ಟಬ್ಯಾಡ! ಅದು ಕಲಾ ಐತಿ!"

"ಕಲಾ ಅಲ್ಲೋ ತಮ್ಮಾ, ಕಡ್ಡಿ ಮೆಣಸಿನಕಾಯಿ. ಅದೂ ಹ್ವಾದ ವರ್ಷದ್ದು. ಯಾರೋ ನಿಮಗ ಟೋಪಿ ಹಾಕ್ಯಾರ."

ರಾಶಿ ಹಾಕಿದ್ದ ಬೆಂಗಳೂರಿನ ಕಲಾವಿದೆ ಸುಧಾರಾಣಿ ಮೊದಲು ಚೀರಿದಳು. ಆಮೇಲೆ ತಲೆ ವಾಲಿಸಿ ನೋಡಿದಳು. ಆಮೇಲೆ ಕಣ್ಣರಳಿಸಿ, "ಅಜ್ಜಿ, ಏಳ್ಬೇಡಿ! ನನ್ನ ಕೃತಿ ಈಗ ಪೂರ್ತಿಯಾಯ್ತು!" ಎಂದಳು.

"ಬಿಡ್ರಿ ಯವ್ವಾ, ಪಿಂಚಣಿ ಸಾಹೇಬ್ರಿಗೆ ಮಾರಿ ತೋರಸಬೇಕ್ರಿ."

"ಅವರೇ ಉದ್ಘಾಟನೆಗೆ ಬರ್ತಿದಾರೆ. ಇಲ್ಲೇ ತೋರ್ಸಿ."

ಸಾಹೇಬರು ಬಂದು ದೀಪ ಹಚ್ಚಿದರು. ಭರಮವ್ವ ಖಾರದ ಕೈಯಿಂದ ಕಣ್ಣೊರೆಸಿಕೊಂಡು ಎದ್ದಳು. ನೀರು ದಳದಳ ಇಳಿಯಿತು.

"ಸಾಹೇಬ್ರ, ಗಂಡ ಸತ್ತು ಹನ್ನೊಂದು ವರ್ಷಾತ್ರಿ. ಹಿಂದ ಮುಂದ ಯಾರೂ ಇಲ್ರಿ. ನನ್ನ ಮಾರಿ ಒಮ್ಮೆ ನೋಡ್ರಿ."

ಸಭೆ ಚಪ್ಪಾಳೆ ತಟ್ಟಿತು. ಸಾಹೇಬರ ಕಣ್ಣೂ ಒದ್ದೆಯಾಯಿತು. "ನೋಡಿದೆ ತಾಯಿ, ಕಣ್ತುಂಬ ನೋಡಿದೆ."

ಭರಮವ್ವ ಹಗುರಾಗಿ ಕಚೇರಿಗೆ ಓಡಿದಳು. "ಬರಕೊಳಪಾ ಮಲ್ಲೇಶಪ್ಪಾ, ಸಾಹೇಬ್ರು ನೋಡ್ಯಾರ."

"ನೀ ಅಂದ್ರ ನಡಿಯಂಗಿಲ್ಲಬೇ, ಅವರ ಬಾಯಿಂದ ಬರಬೇಕು. ತಡಿ, ಬಂದ್ರು."

ಒಳಬಂದ ಸಾಹೇಬರು ಅವಳನ್ನು ಕಂಡದ್ದೇ ತಾವೇ ಕುರ್ಚಿ ಎಳೆದು ಕೊಟ್ಟರು.

"ಈಕಿನ್ನ ನೋಡೀರೇನ್ರಿ ಸಾಹೇಬ್ರ?" ಎಂದ ಮಲ್ಲೇಶಪ್ಪ.

"ಈಕಿ ಅನಬ್ಯಾಡ್ರಿ! ಬೆಂಗಳೂರಿನ ದೊಡ್ಡ ಕಲಾವಿದ್ರು ಇವರು. ಬಡವಿ ಪಾರ್ಟು ಏನ್ ಮಾಡ್ತಾರಂತೀರಿ, ನಾನೇ ಅತ್ತುಬಿಟ್ಟೆ. ಇಂಥಾವ್ರ ಹೆಸರು ಈ ಪಟ್ಟಿಯೊಳಗ ಯಾರು ಹಾಕಿದ್ರು? ಹೊಡದ್ ಹಾಕ್ರಿ ಮೊದಲ."

ಭರಮವ್ವ ಎದೆ ಬಡಿದುಕೊಂಡು ಅಳತೊಡಗಿದಳು.

"ನೋಡ್ರಿ, ನೋಡ್ರಿ, ಸುರು ಮಾಡಿದ್ರು!" ಎಂದು ಸಾಹೇಬರು ಹಿಗ್ಗಿ ಚಪ್ಪಾಳೆ ತಟ್ಟಿದರು.

ಮಲ್ಲೇಶಪ್ಪ ಹೆಸರಿನ ಮೇಲೆ ಗೆರೆ ಎಳೆದ. ಪೆನ್ನು ಕೆಳಗಿಟ್ಟು, ತಾನೂ ತಟ್ಟಿದ.