ಹಗ್ಗ ದಾಟಿಸಿದ ಕವಣೆ

ಅಂಗಳದ ಮೇಲೆ ಮೊದಲ ಮಹಡಿಯ ಆಚೆ ಕಂಬಿಗೂ ಈಚೆ ಕಂಬಿಗೂ ಕಟ್ಟಿದ್ದ ಬಟ್ಟೆ ಹಗ್ಗ ಬೆಳಿಗ್ಗೆ ಹರಿದು, ನಿವೃತ್ತ ಬಸ್ ಕಂಡಕ್ಟರರು ಒಗೆದು ಹಾಕಿದ್ದ ಬನಿಯನ್ ಕೆಳಗಿನ ಮಣ್ಣಿಗೆ ಬಿತ್ತು. ಎದುರುಮನೆ ಬಾಗಿಲು ತಟ್ಟಿ, "ಈ ತುದಿ ಕಟ್ಟಿಕೊಡಿ" ಅಂದಿದ್ದರೆ ಮುಗಿಯುತ್ತಿತ್ತು. ಆದರೆ ಹೆಂಡತಿ ತೀರಿಹೋದ ಮೇಲೆ ಆ ಕಟ್ಟಡದಲ್ಲಿ ಅವರನ್ನು ಹೇಗಿದ್ದೀರಿ ಎಂದು ಕೇಳಿದವರಿಲ್ಲ. ಕೇಳದವರ ಹತ್ತಿರ ಹೋಗಿ ಕೇಳುವುದು ಹೇಗೆ? ಜೀವನವೆಲ್ಲ ತುಂಬಿದ ಬಸ್ಸಿನಲ್ಲಿ ಕಳೆದ ಮನುಷ್ಯನಿಗೆ ಈಗ ಗೋಡೆ ಗಡಿಯಾರವೇ ನೆಂಟ.

ಮೆಟ್ಟಿಲಡಿಯ ಗುಜರಿಯಿಂದ ಮುರಿದ ಮಂಚದ ಕಾಲು, ಕುರ್ಚಿ ಹಲಗೆ, ಹಳೆ ಸೈಕಲ್ ಟ್ಯೂಬು ಹೊತ್ತು ತಂದರು. ಅಡುಗೆಮನೆಯ ಸೌಟನ್ನು ಹಲಗೆಗೆ ಬಿಗಿದು ಕವಣೆ ಮಾಡಿದರು. ಹಗ್ಗದ ತುದಿಗೆ ಆಲೂಗಡ್ಡೆ ಕಟ್ಟಿ, ಸೌಟಿನಲ್ಲಿಟ್ಟು, ಎಳೆದು ಬಿಟ್ಟರು. ಅದು ಹಿಂದಕ್ಕೆ ಹಾರಿ ಅವರದೇ ಕನ್ನಡಿ ಒಡೆಯಿತು.

ಸದ್ದಿಗೆ ಪಕ್ಕದ ಮನೆಯ ಟೈಲರು ಓಡಿಬಂದ. "ಏನ್ ಸಾರ್, ಯುದ್ಧಕ್ಕೆ ಹೊರಟ್ರಾ? ಟ್ಯೂಬು ಸಡಿಲ ಆಯ್ತು!"

ಎರಡನೆಯದು ಮೇಲಿನ ಮನೆಯ ಮೇಷ್ಟ್ರ ಬೋಳುತಲೆಗೆ ತಗುಲಿತು. ಅವರು ಬೈಯಲೆಂದು ಇಳಿದು ಬಂದವರು ಕೋನ ಸರಿಯಿಲ್ಲವೆಂದು ಚಕ್ಕಳಮಕ್ಕಳ ಹಾಕಿ ಕೂತರು. ಮಧ್ಯಾಹ್ನದ ಹೊತ್ತಿಗೆ ಮನೆ ತುಂಬ ಜನ. ಎಲ್ಲರೂ ಬಾಯಿಗೆ ಬಂದಂತೆ ಸಲಹೆ ಕೊಡುವವರೇ.

"ಹಗ್ಗ ಕೊಡಿ, ನಾನೇ ಕಟ್ತೀನಿ," ಎಂದು ಎದುರುಮನೆಯಾಕೆ ಕೂಗಿದರು.

"ಸುಮ್ನಿರೀಮ್ಮ! ನಾವಿಷ್ಟು ಕಷ್ಟಪಡ್ತಿಲ್ವಾ?" ಎಂದು ಇವರೆಲ್ಲ ಒಟ್ಟಿಗೆ ಗದರಿದರು.

ಕಂಡಕ್ಟರರಿಗೆ ಸಂತೋಷ ಉಕ್ಕಿ ಬಂತು. ಹಾಗೆಯೇ ಹೆದರಿಕೆಯೂ ಆಯಿತು. ಇದು ಸರಿಹೋದರೆ ಇವರೆಲ್ಲ ಎದ್ದು ಹೋಗುತ್ತಾರಲ್ಲ! ಎಲ್ಲರಿಗೂ ಟೀ ತರುವ ನೆಪದಲ್ಲಿ ಹಲಗೆಯ ಮೊಳೆಯೊಂದನ್ನು ಮೆಲ್ಲಗೆ ಕಿತ್ತು ಜೇಬಿಗೆ ಹಾಕಿಕೊಂಡರು. ಇವತ್ತು ಕೆಡಲಿ, ನಾಳೆಯೂ ಬರಲಿ.

ಟೀ ಹಿಡಿದು ಬರುವಷ್ಟರಲ್ಲಿ ಟೈಲರು ಹಲ್ಲು ಕಿರಿಯುತ್ತಿದ್ದ. "ಒಂದು ಮೊಳೆ ಬಿದ್ದೋಗಿತ್ತು ಸಾರ್. ಎರಡು ಹೊಡೆದಿದ್ದೀನಿ. ಬಿಡಿ ಈಗ!"

ಬಿಡದೆ ವಿಧಿಯಿರಲಿಲ್ಲ. ಆಲೂಗಡ್ಡೆ ಅಂಗಳ ದಾಟಿ ಎದುರುಮನೆಯಾಕೆಯ ಕಾಲಬಳಿ ನೆಟ್ಟಗೆ ಬಿತ್ತು. ಆಕೆ ಹಗ್ಗವನ್ನು ಕಂಬಿಗೆ ಬಿಗಿದರು. ಚಪ್ಪಾಳೆಯೋ ಚಪ್ಪಾಳೆ.

"ನಾಳೆ ಬನ್ನಿ, ಇನ್ನೊಂದು ಹಗ್ಗ ಹಾಕೋಣ," ಎಂದರು ಕಂಡಕ್ಟರರು.

"ಒಂದು ಸಾಕಲ್ಲ ಸಾರ್," ಎಂದು ಮೇಷ್ಟ್ರು ಟೀ ಮುಗಿಸಿ ಎದ್ದರು. ಹಿಂದೆಯೇ ಎಲ್ಲರೂ ಎದ್ದರು. ಬಾಗಿಲುಗಳು ಒಂದೊಂದಾಗಿ ಮುಚ್ಚಿಕೊಂಡವು.

ಬನಿಯನ್ನನ್ನು ಮತ್ತೆ ಒಗೆದು ಹಿಂಡಿಕೊಂಡು ಕಂಡಕ್ಟರರು ಹೊರಬಂದರು. ಅಷ್ಟರಲ್ಲಿ ಹಗ್ಗದ ಈ ತುದಿಯಿಂದ ಆ ತುದಿಯವರೆಗೆ ಟೈಲರನ ಅಂಗಿ, ಮೇಷ್ಟ್ರ ಪೈಜಾಮ, ಎದುರುಮನೆಯಾಕೆಯ ಸೀರೆ, ಯಾರದೋ ಟವೆಲು ಒತ್ತೊತ್ತಾಗಿ ತೂಗಾಡುತ್ತಿದ್ದವು. ಬೆರಳಿಡಲೂ ಜಾಗವಿಲ್ಲ. ಮಾತಾಡುವವರೂ ಯಾರೂ ಇಲ್ಲ.

ಕಂಡಕ್ಟರರು ತೊಟ್ಟಿಕ್ಕುವ ಬನಿಯನ್ನನ್ನು ಹಗ್ಗದತ್ತ ಎತ್ತಿ ಹಿಡಿದರು. ಆಮೇಲೆ ಹಳೆಯ ಬಸ್ಸಿನ ದನಿಯಲ್ಲಿ ಆ ಬಟ್ಟೆಗಳಿಗೆ ಹೇಳಿದರು:

"ಸ್ವಲ್ಪ ಒಳಗೆ ಸರೀರಿ... ಇನ್ನೊಬ್ಬರು ಹತ್ತಬೇಕು."

ಯಾರೂ ಸರಿಯಲಿಲ್ಲ.