ತಿರುಗಿಸಿ ನೋಡದೆ ತಂದ ಹಾವು

ಒಂದು ಕಡೆ ಕೂರುವುದು ನನ್ನ ಜಾತಕದಲ್ಲೇ ಇಲ್ಲ. ಊಟಕ್ಕೆ ಕೂತರೆ ಮಧ್ಯೆ ಎರಡು ಸಲ ಎದ್ದು ಫ್ರಿಜ್ ತೆರೆದು ಬರುತ್ತೇನೆ. ಏನೂ ತೆಗೆಯುವುದಿಲ್ಲ, ಎಲ್ಲ ಅಲ್ಲೇ ಇದೆಯೇ ಎಂದು ವಿಚಾರಿಸಿಕೊಂಡು ಬರುತ್ತೇನೆ, ಅಷ್ಟೆ. ಇಂಥವನು ಸಾಕಲು ಆರಿಸಿಕೊಂಡದ್ದು, ದಿನದ ಮುಕ್ಕಾಲು ಪಾಲು ಚೆಂಡಿನ ಹಾಗೆ ಸುತ್ತಿಕೊಂಡು ಬಿದ್ದಿರುವ ಬಾಲ್ ಪೈಥಾನ್ ಅನ್ನು. ಆಫ್ರಿಕಾ ಕಡೆಯ ಈ ಪುಟ್ಟ ಹೆಬ್ಬಾವಿಗೆ ವಿಷವಿಲ್ಲ, ಸಿಟ್ಟಿಲ್ಲ, ಅವಸರವಂತೂ ಇಲ್ಲವೇ ಇಲ್ಲ. ಅದು ಸುಮ್ಮನಿದ್ದಷ್ಟೂ ನನಗೆ ತಳಮಳ. ಉಸಿರಾಡುತ್ತಿದೆಯಾ? ಶಾಖ ಸಾಕಾಯಿತಾ? ನಿನ್ನೆಯ ಇಲಿ ಜೀರ್ಣವಾಯಿತಾ? ಗಂಟೆಗೊಮ್ಮೆ ಬೇಸ್‌ಮೆಂಟಿಗೆ ಇಳಿದು ಮುಚ್ಚಳ ತೆಗೆದು ನೋಡುತ್ತಿದ್ದೆ. "ತೊಟ್ಟಿಲಲ್ಲಿರೋ ಮಗೂನೂ ಯಾರೂ ಹೀಗೆ ಬಗ್ಗಿ ಬಗ್ಗಿ ನೋಡಲ್ಲ ಕಣೋ, ಅದಕ್ಕೆ ದೃಷ್ಟಿ ಆಗತ್ತೆ" ಎಂದು ಅಮ್ಮ ಮೆಟ್ಟಿಲ ಮೇಲಿಂದಲೇ ಕೂಗುತ್ತಿದ್ದಳು. ಕೆಳಗಿಳಿದು ಬರುವ ಧೈರ್ಯ ಅವಳಿಗಿರಲಿಲ್ಲ.

ಅಪ್ಪನದು ಬೇರೆ ರೀತಿ. ಉಪ್ಪು ಕೇಳುವಾಗಲೂ ಕನ್ನಡ ಕೂಟದ ವಾರ್ಷಿಕ ಸಭೆಯಲ್ಲಿ ವಂದನಾರ್ಪಣೆ ಮಾಡುವವರ ಹಾಗೆ ಎರಡೂ ಕೈ ಹಿಂದೆ ಕಟ್ಟಿ, ಗಂಟಲು ಸರಿಮಾಡಿಕೊಂಡು ಮಾತಾಡುತ್ತಾರೆ. (ಇದನ್ನು ನಾನು ಮಾಡಿ ತೋರಿಸಿದರೆ ನಮ್ಮೂರು ವುಡ್‌ರಿಡ್ಜ್‌ನಿಂದ ಪಕ್ಕದ ಬೋಲಿಂಗ್‌ಬ್ರೂಕ್‌ವರೆಗೆ ನಗದ ಮನೆಯಿಲ್ಲ; ಅಪ್ಪನೂ ನಗುತ್ತಾರೆ, ಅದು ಯಾರೆಂದು ಅವರಿಗಿನ್ನೂ ಗೊತ್ತಾಗಿಲ್ಲ.) ಹಾವಿನ ಮೇಲೆ ಅವರ ತೀರ್ಪು ಇಷ್ಟು: "ನೋಡಪ್ಪ ಚೇತನ್. ಎರಡು ವರ್ಷ. ಅಷ್ಟರಲ್ಲಿ ಮೊಟ್ಟೆ ಬಂದರೆ ಇದು ಬ್ರೀಡಿಂಗ್. ಬರಲಿಲ್ಲ ಅಂದರೆ ಇದು ಹುಚ್ಚು. ಹುಚ್ಚನ್ನ ನನ್ನ ಬೇಸ್‌ಮೆಂಟಲ್ಲಿ ಇಟ್ಕೊಳ್ಳೋಕೆ ಆಗಲ್ಲ."

ಅವರದು ತಪ್ಪೇನಿಲ್ಲ. ನನಗಾಗ ಇಪ್ಪತ್ತೆರಡು. ಅಷ್ಟರೊಳಗೆ ಗಿಟಾರ್ ಬಿಟ್ಟಿದ್ದೆ, ಕರಾಟೆ ಬಿಟ್ಟಿದ್ದೆ, ಕಾಲೇಜಿನಲ್ಲಿ ಎರಡು ಮೇಜರ್ ವಿಷಯಗಳನ್ನು ಬಿಟ್ಟಿದ್ದೆ; ಬೋಲಿಂಗ್‌ಬ್ರೂಕ್‌ನ ಒಂದು ವೇರ್‌ಹೌಸಿನಲ್ಲಿ ಡಬ್ಬ ಎತ್ತಿಡುವ ಕೆಲಸವನ್ನು ಇನ್ನೇನು ಬಿಡುವುದರಲ್ಲಿದ್ದೆ. ಹಾವೊಂದನ್ನೇ ಬಿಡಬೇಕು ಅನ್ನಿಸಿರಲಿಲ್ಲ. ಅದನ್ನು ಯಾರಿಗಾದರೂ ಹೇಳಿದರೆ ನಕ್ಕುಬಿಡುತ್ತಾರೆಂದು ಹೇಳಿರಲಿಲ್ಲ, ಅಷ್ಟೆ.

ಬಾಲ್ ಪೈಥಾನ್‌ಗಳಲ್ಲಿ ಬಣ್ಣ ಬದಲಾದ ತಳಿಗಳಿಗೆ ಮಾರ್ಫ್ ಅನ್ನುತ್ತಾರೆ. ನನ್ನ ಬಳಿ ಇದ್ದದ್ದು ಪೇಸ್ಟಲ್ ಎಂಬ ಮಾರ್ಫಿನ ಗಂಡು. ಹಳದಿ ಮೈಮೇಲೆ ಅಲ್ಲಲ್ಲಿ ಕಪ್ಪು; ಹೆಸರು ಚಿತ್ರಾನ್ನ. ಅಂಥದೇ ಒಳ್ಳೆಯ ಪೇಸ್ಟಲ್ ಹೆಣ್ಣು ಸಿಕ್ಕಿ ಎರಡೂ ಕೂಡಿದರೆ, ನಾಲ್ಕು ಮರಿಗೆ ಒಂದರ ಲೆಕ್ಕದಲ್ಲಿ ಇನ್ನೂ ಝಗಮಗಿಸುವ ಸೂಪರ್ ಪೇಸ್ಟಲ್ ಹುಟ್ಟಬಹುದು. ಆದರೆ ಒಳ್ಳೆಯದನ್ನು ಆರಿಸುವುದು ಸುಲಭವಲ್ಲ. ಮರಿಯಲ್ಲಿ ನಿಂಬೆಹಣ್ಣಿನಂತಿದ್ದದ್ದು ಬೆಳೆಯುತ್ತಾ ಹಳೇ ಹುಣಸೆಹಣ್ಣಿನ ಬಣ್ಣಕ್ಕೆ ತಿರುಗುತ್ತದೆ. ಅದಕ್ಕೇ ಬೆಳೆದ ಅಪ್ಪ ಅಮ್ಮಂದಿರ ಫೋಟೋ ಕೇಳಿ ನೋಡಬೇಕು. ಕಣ್ಣು ನಿರ್ಮಲವಾಗಿರಬೇಕು, ಉಸಿರಲ್ಲಿ ಗೊರಗೊರ ಇರಬಾರದು, ಬೆನ್ನೆಲುಬು ಎದ್ದಿರಬಾರದು, ಹುರುಪೆಯ ಸಂದಿಯಲ್ಲಿ ಉಣ್ಣಿಹುಳ ಇರಬಾರದು. ನಾನು ಇವನ್ನೆಲ್ಲ ಮಗ್ಗಿಯಂತೆ ಬಾಯಿಪಾಠ ಮಾಡಿಕೊಂಡಿದ್ದೆ.

ಡೆಟ್ರಾಯ್ಟ್ ಬಳಿ ಹಾವುಗಳ ದೊಡ್ಡ ಶೋ ಇದೆ ಎಂದು ತಿಳಿದದ್ದೇ ತಡ, ಕಾರು ಹೊರಡಿಸಿದೆ. ಅಮ್ಮ ಪಕ್ಕದ ಸೀಟಿನಲ್ಲಿ ತನ್ನ ಗೆಳತಿ ಶಾಂತಾ ಆಂಟಿಯನ್ನು ಕೂರಿಸಿದಳು. ಶಾಂತಾ ಆಂಟಿ ವೆಸ್ಟ್‌ಮಂಟ್‌ನವರು, ಹುಟ್ಟಿ ಬೆಳೆದದ್ದು ಹುಬ್ಬಳ್ಳಿ. ಅವರ ಮಗಳ ಮನೆ ಇರುವುದು ಡೆಟ್ರಾಯ್ಟ್ ಪಕ್ಕದ ಕ್ಯಾಂಟನ್ನಿನಲ್ಲಿ. "ಹೇಗೂ ಆ ಕಡೆ ಹೋಗ್ತಿದೀಯ, ಬಿಟ್ಟು ಬಾ" ಎಂದಳು ಅಮ್ಮ. ಮೊದಲು ಅವರನ್ನು ಬಿಟ್ಟು ಆಮೇಲೆ ಶೋಗೆ ಹೋಗಬಹುದಿತ್ತು. ಆದರೆ ನನಗೆ ತಡೆದುಕೊಳ್ಳಲಾಗಬೇಕಲ್ಲ! ಒಳ್ಳೆಯ ಹೆಣ್ಣನ್ನು ಇನ್ಯಾರೋ ಕೊಂಡುಬಿಟ್ಟರೆ? ಐದು ಗಂಟೆ ಡ್ರೈವ್ ಮಾಡಿ ಸೀದಾ ಶೋ ಹಾಲ್ ಮುಂದೆ ನಿಲ್ಲಿಸಿ, "ಹತ್ತೇ ನಿಮಿಷ ಆಂಟಿ, ಕಾರಲ್ಲೇ ಇರಿ" ಎಂದೆ.

"ಥಂಡಿಯೊಳಗ ನಾ ಯಾಕ ಕೂಡ್ಲೆಪಾ? ನಾನೂ ಬರ್ತೀನಿ ನಡಿ" ಎಂದು ಇಳಿದೇಬಿಟ್ಟರು. ಒಳಗೆ ಸಾಲು ಸಾಲು ಮೇಜು, ಮೇಜಿನ ತುಂಬ ಪ್ಲಾಸ್ಟಿಕ್ ಡಬ್ಬಿ, ಡಬ್ಬಿಗೊಂದು ಹಾವು. ಆಂಟಿ ಗಲ್ಲಕ್ಕೆ ಕೈ ಹಚ್ಚಿದರು. "ಇದೇನೋ ತಮ್ಮಾ, ಸಂತಿ ಆಗೇದಲ್ಲ! ಬದನಿಕಾಯಿ ಆರಿಸಿದಂಗ ಹಾವ ಆರಸ್ಲಿಕ್ಹತ್ಯಾರ!"

ನಾನು ಮೇಜಿನಿಂದ ಮೇಜಿಗೆ ಹಾರಿದೆ. ಒಂದರ ಬಣ್ಣ ಮಂಕು, ಒಂದರ ಬಾಲ ಸೊಟ್ಟ, ಒಂದಕ್ಕೆ ಶೀತ. ಕೊನೆಗೆ ಎದೆವರೆಗೆ ಗಡ್ಡ ಬಿಟ್ಟಿದ್ದ ಒಬ್ಬನ ಮೇಜಿನ ಮುಂದೆ ನಿಂತುಬಿಟ್ಟೆ. ಅಂಥ ಹಳದಿ ನಾನು ನೋಡಿರಲಿಲ್ಲ. ಡಬ್ಬಿಯ ಮೇಲೆ 'ಹೆಣ್ಣು' ಎಂದು ಬರೆದಿತ್ತು. ಕಣ್ಣು, ಉಸಿರು, ಬೆನ್ನು, ಎಲ್ಲ ನೋಡಿದೆ. ತಾಯಿತಂದೆಯರ ಫೋಟೋ ನೋಡಿದೆ. ಆಂಟಿಯೂ, "ಮೈಕೈ ತುಂಬಿಕೊಂಡು ಲಕ್ಷಣ ಅದ. ಪದ್ಮಾವತಿ ಅಂತ ಹೆಸರಿಡೋ" ಎಂದು ಒಪ್ಪಿಗೆ ಕೊಟ್ಟರು.

ಗಡ್ಡದವನು ಪ್ರಾಮಾಣಿಕ ಮನುಷ್ಯ. "ಇದನ್ನ ನನಗೆ ಕೊಟ್ಟವನು ಹೆಣ್ಣು ಅಂದಿದ್ದ. ನಾನಿನ್ನೂ ಪರೀಕ್ಷೆ ಮಾಡಿಲ್ಲ. ಒಂದು ನಿಮಿಷ, ತಿರುಗಿಸಿ ನೋಡಿ ಹೇಳ್ತೀನಿ" ಎಂದು ತೆಳ್ಳನೆಯ ಸ್ಟೀಲ್ ಕಡ್ಡಿ ಕೈಗೆತ್ತಿಕೊಂಡ. ಹಾವನ್ನು ಅಂಗಾತ ಮಾಡಿ, ಬಾಲದ ಬುಡದಲ್ಲಿ ಆ ಕಡ್ಡಿ ಎಷ್ಟು ಒಳಗೆ ಹೋಗುತ್ತದೆಂದು ನೋಡಿ ಗಂಡೋ ಹೆಣ್ಣೋ ಹೇಳುವುದು ಈ ಕಸುಬಿನ ಕ್ರಮ. ಅಷ್ಟರಲ್ಲಿ ನನ್ನ ಭುಜದ ಪಕ್ಕ ಶಾಂತಾ ಆಂಟಿ ಕನ್ನಡಕ ಏರಿಸಿಕೊಂಡು, "ಏನ್ ಮಾಡ್ತಾನಂತ?" ಎಂದು ಮುಂದೆ ಬಗ್ಗಿದರು. ಅಮ್ಮನ ಗೆಳತಿ, ಹಣೆ ತುಂಬ ಕುಂಕುಮ ಇಟ್ಟ ಹಿರಿಯರು! ಅವರ ಎದುರಿಗೆ ನಾನು ಈ ತನಿಖೆ ನಡೆಸಬೇಕೆ? ನನ್ನ ಕಿವಿಗಳು ಕಾದ ಕಾವಲಿಯಾದವು. "ಬೇಡ, ಬೇಡ! ನಿನ್ನ ಮೇಲೆ ನಂಬಿಕೆ ಇದೆ!" ಎಂದು ಡಬ್ಬಿ ಕಸಿದುಕೊಂಡೆ. ಗಡ್ಡದವನಿಗೇ ತನ್ನ ಮೇಲೆ ಅಷ್ಟು ನಂಬಿಕೆ ಇದ್ದಂತೆ ಕಾಣಲಿಲ್ಲ.

ಒಂದೂವರೆ ವರ್ಷ ಕಳೆಯಿತು. ಹೆಣ್ಣಾದರೆ ಚಿತ್ರಾನ್ನನ ಎರಡರಷ್ಟು ತೂಗಬೇಕಿತ್ತು. ಪದ್ಮಾವತಿ ತೆಳ್ಳಗೇ ಉಳಿದಳು. ನಮ್ಮ ಮನೆಯವರ ಮೈಕಟ್ಟೇ ಸಣ್ಣದು, ಇವಳಿಗೂ ನಮ್ಮ ಮನೆ ನೀರಿನ ಗುಣ ಬಂದಿದೆ ಎಂದುಕೊಂಡೆ. ಅವಳು ಬೆಳೆಯಲಿ ಎಂದು ಇನ್ನೊಂದು ವರ್ಷ ಕಾಯಬೇಕಿತ್ತು, ನಿಜ. ಕಾಯುವುದು ನನಗೆ ಬರಬೇಕಲ್ಲ. ಅಪ್ಪನ ಗಡುವು ಬೇರೆ ಹತ್ತಿರವಾಗುತ್ತಿತ್ತು. ಚಳಿ ಶುರುವಾದ ಒಂದು ಭಾನುವಾರ ಮಧ್ಯಾಹ್ನ ಚಿತ್ರಾನ್ನನನ್ನು ಅವಳ ಡಬ್ಬಿಗೆ ಬಿಟ್ಟೆ. ಐದೇ ನಿಮಿಷ! ಎರಡೂ ಕತ್ತಿಗೆ ಕತ್ತು ಹೆಣೆದು, ಹುರಿಹಗ್ಗದ ಹಾಗೆ ಸುತ್ತಿಕೊಂಡು ಹೊರಳಾಡತೊಡಗಿದವು. ನಾನು "ಅಮ್ಮಾ!" ಎಂದು ಕೂಗಿದ ರಭಸಕ್ಕೆ, ಎಂದೂ ಕೆಳಗಿಳಿಯದವಳು ಇಳಿದು ಬಂದಳು. ಹಿಂದೆಯೇ, ಹಪ್ಪಳ ಒತ್ತಲು ಬಂದಿದ್ದ ಶಾಂತಾ ಆಂಟಿ.

ಅಮ್ಮ ಕೈಮುಗಿದು, ಮತ್ತೆ ಮೇಲೆ ಓಡಿ, ಅಪ್ಪ ಮೈಸೂರಿನಿಂದ ತಂದು ಮಡಿಕೆಯನ್ನೂ ಬಿಚ್ಚದೆ ಇಟ್ಟಿದ್ದ ಜರಿ ಪಂಚೆ ತಂದು ಡಬ್ಬಿಯ ಮೇಲೆ ಹೊದಿಸಿದಳು. ಸರ್ಪಗಳು ಕೂಡುವಾಗ ಹೊಸ ಬಟ್ಟೆ ಹೊದಿಸಿ ಅದನ್ನು ಮನೆಯಲ್ಲಿಟ್ಟುಕೊಂಡರೆ ಆ ಮನೆಗೆ ಒಳ್ಳೆಯದಂತೆ. ಸಂಜೆಯೊಳಗೆ ನಲವತ್ತು ಮನೆಗೆ ಫೋನ್ ಹೋಯಿತು. "ನಮ್ಮನೇಲಿ ನಾಗಪ್ಪ ಪ್ರಸನ್ನ ಆಗಿದಾನೆ ಕಣ್ರೀ!"

ನಾನು ಹೆಮ್ಮೆಯಿಂದ ಫೋಟೋ ತೆಗೆದು ಹಾವು ಸಾಕುವವರ ಇಂಟರ್‌ನೆಟ್ ಫೋರಮ್ಮಿಗೆ ಹಾಕಿದೆ. ಹತ್ತು ನಿಮಿಷಕ್ಕೆ ಉತ್ತರ ಬಂತು: 'ಕೂಡಲೇ ಬಿಡಿಸು. ಎರಡೂ ಗಂಡು. ಅದು ಕುಸ್ತಿ.'

ಅಮ್ಮನಿಗೆ ಹೇಳಲು ಮೂರು ದಿನ ಹಿಡಿಯಿತು. ಆ ಮೂರು ದಿನ ನಾನು ಫ್ರಿಜ್ಜನ್ನು ಎಷ್ಟು ಸಲ ತೆರೆದೆನೋ. ಕೊನೆಗೆ ಶಾಂತಾ ಆಂಟಿಯ ಎದುರಿಗೇ, ಶೋನಲ್ಲಿ ಯಾಕೆ ಪರೀಕ್ಷೆ ಮಾಡಿಸಲಿಲ್ಲ ಎಂಬುದನ್ನೂ ಸೇರಿಸಿ ಒಪ್ಪಿಸಿಬಿಟ್ಟೆ. ಆಂಟಿ ಲಟ್ಟಣಿಗೆ ಕೆಳಗಿಟ್ಟರು. "ಅಯ್ಯ ನಿನ್ನ! ನನ್ನ ಮುಂದ ನಾಚಿಕಿ ಬಂತಾ ನಿನಗ? ಹುಬ್ಬಳ್ಳಿ ದವಾಖಾನ್ಯಾಗ ಮೂವತ್ತು ವರ್ಷ ಹೆರಿಗಿ ವಾರ್ಡಿನ್ಯಾಗ ನರ್ಸ್ ಇದ್ದೆ. ಗಂಡೋ ಹೆಣ್ಣೋ ಅಂತ ತಿರುವಿ ನೋಡಿ ಹೇಳೂದ ನನ್ನ ನೌಕರಿ ಆಗಿತ್ತಲ್ಲೋ, ಹುಚ್ಚಪ್ಪಾ!"

ಇದು ನನಗೆ ಗೊತ್ತಿಲ್ಲದ ವಿಷಯವೇನಲ್ಲ. ಆ ವಾರ್ಡಿನ ಕತೆಗಳನ್ನು ಆಂಟಿಯ ದನಿಯಲ್ಲೇ ಹೇಳಿ ಎಷ್ಟೋ ಪಾರ್ಟಿಗಳಲ್ಲಿ ಜನರ ಹೊಟ್ಟೆ ಹುಣ್ಣಾಗಿಸಿದವನು ನಾನೇ.

ಇನ್ನು ಅಪ್ಪ. ಗಂಟುಮೂಟೆ ಕಟ್ಟುವುದೇ ಎಂದುಕೊಂಡು ಎದುರಿಗೆ ನಿಂತೆ. ಅವರು ಎರಡೂ ಕೈ ಹಿಂದೆ ಕಟ್ಟಿ, ಗಂಟಲು ಸರಿಮಾಡಿಕೊಂಡರು. ಆಮೇಲೆ, "ನಲವತ್ತು ಮನೆಯವರು ಮೊಟ್ಟೆ ಯಾವಾಗ ಅಂತ ಕೇಳ್ತಾ ಇದಾರೆ. ಇದು ಈಗ ನಿನ್ನ ಹುಚ್ಚಲ್ಲ, ನನ್ನ ಮರ್ಯಾದೆ ಪ್ರಶ್ನೆ. ಮುಂದಿನ ಶೋ ಯಾವತ್ತು?" ಎಂದರು.

ಹೀಗೆ ಮತ್ತೆ ಡೆಟ್ರಾಯ್ಟ್. ಈ ಸಲ ಕಾರು ಓಡಿಸಿದ್ದು ಅಪ್ಪ. ಮುಂದಿನ ಸೀಟಿನಲ್ಲಿ ಶಾಂತಾ ಆಂಟಿ, ಹಿಂದೆ ನಾನು. ಅದೇ ಗಡ್ಡದವನು, ಬೇರೆ ಹಳದಿ. ಬಣ್ಣ, ಕಣ್ಣು, ಉಸಿರು ನಾನು ನೋಡಿದೆ. "ಈಗ ಅದನ್ನ ತಿರುವಿ ಹಾಕಸು" ಎಂದರು ಆಂಟಿ. ಗಡ್ಡದವನು ಹಾವನ್ನು ತಿರುಗಿಸಿ ಕಡ್ಡಿ ಹಿಡಿದ. ಅಪ್ಪ ಒಂದು ಕಡೆಯಿಂದ, ಆಂಟಿ ಇನ್ನೊಂದು ಕಡೆಯಿಂದ ಬಗ್ಗಿದರು. "ಹೆಣ್ಣು, ಖಾತ್ರಿ ಹೆಣ್ಣು!" ಎಂದು ಘೋಷಿಸಿದ್ದು ಅವನಲ್ಲ, ಆಂಟಿ. ಅವನು ಬೆರಗಾಗಿ, "ನಿಮ್ಮಲ್ಲಿ ಬ್ರೀಡರ್ ಯಾರು?" ಎಂದು ಕೇಳಿದ. ಇಬ್ಬರೂ ಒಟ್ಟಿಗೆ ನನ್ನ ಕಡೆ ಬೆರಳು ತೋರಿಸಿದರಂತೆ. ನಾನು ನೋಡಲಿಲ್ಲ. ಆ ಹೊತ್ತಿಗೆ ನಾನು ಅವರಿಗೆ ಬೆನ್ನು ಹಾಕಿ, ಬಾಗಿಲ ಮೇಲಿದ್ದ 'ಎಕ್ಸಿಟ್' ಎಂಬ ಬೋರ್ಡನ್ನು ಬಹಳ ಗಮನವಿಟ್ಟು ಓದುತ್ತಿದ್ದೆ.